ಮುದ್ದೇನಹಳ್ಳಿಯ ಮನೆ, ಲೋಕದ ದಾರಿ

ದೇಶವಿದೇಶ ಸುತ್ತಿದ ಇಂಜಿನಿಯರುಗಳ ಬದುಕನ್ನು ನೆನೆಯುವ ಬರಹಗಳಲ್ಲಿ ಅವರು ಕಟ್ಟಿದ ಅಣೆಕಟ್ಟು, ಸೇತುವೆ, ಕಾರ್ಖಾನೆಗಳ ವಿವರ ಧಾರಾಳವಾಗಿ ಸಿಗುತ್ತದೆ; ಅವರನ್ನು ಊರಿನಿಂದ ಕಳುಹಿಸಿಕೊಟ್ಟು, ಮನೆಯ ಖರ್ಚನ್ನು ಹೇಗೋ ತೂಗಿಸಿಕೊಂಡು ಹಿಂದೆ ಉಳಿದವರ ಸುದ್ದಿ ಮಾತ್ರ ಅಪರೂಪ. ಹಳೆಯ ಕೋಲಾರ ಜಿಲ್ಲೆಯಲ್ಲಿ ಹುಟ್ಟಿ, ಸಿಂಧ್‌ನಿಂದ ಹೈದರಾಬಾದಿನವರೆಗೆ, ಏಡನ್ನಿನಿಂದ ಜಪಾನು, ಅಮೆರಿಕಗಳವರೆಗೆ ಓಡಾಡಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. 1951ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಆತ್ಮಕಥನವು ತನ್ನ ಶೀರ್ಷಿಕೆಯಲ್ಲೇ ತಾನು ವೃತ್ತಿಜೀವನದ ನೆನಪುಗಳು ಮಾತ್ರ ಎಂದು ಹೇಳಿಕೊಳ್ಳುತ್ತದೆ. ಮನೆ, ತಾಯಿ, ಬಂಧುಬಳಗ ಅದರಲ್ಲಿ ಬಹುಮಟ್ಟಿಗೆ ಅಂಚಿನಲ್ಲೇ ಉಳಿದಿವೆ. ಆದ್ದರಿಂದ ಅವರನ್ನು ಗಡಿಯಾರದ ಮನುಷ್ಯ, ಸಂಸಾರದ ಗೊಡವೆಯಿಲ್ಲದ ಯಂತ್ರಜ್ಞ ಎಂದು ಚಿತ್ರಿಸುವುದು ರೂಢಿಯಾಗಿದೆ. ಆ ಚಿತ್ರ ಅರ್ಧ ಮಾತ್ರ ನಿಜ.

ಅವರು ಹುಟ್ಟಿದ ಸೀಮೆಯ ಸ್ವರೂಪವನ್ನು ಮೊದಲು ತಿಳಿದುಕೊಳ್ಳಬೇಕು. ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಂಬ ಐದು ಹೊಳೆಗಳು ಹುಟ್ಟುತ್ತವೆಯಾದರೂ ಅವು ಮಳೆ ಬಂದಾಗ ಹರಿದು, ಉಳಿದ ಕಾಲದಲ್ಲಿ ಮರಳ ಹಾಸಾಗಿ, ಆಂಧ್ರ ಮತ್ತು ತಮಿಳು ನಾಡುಗಳ ಕಡೆಗೆ ಇಳಿದುಹೋಗುತ್ತವೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನ ಹೀಗಾಗಿ ನೂರಾರು ವರ್ಷ ಕೆರೆಯನ್ನೇ ನಂಬಿ ಬಾಳಿದರು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ನೀರನ್ನು ಗದ್ದೆಗೆ ಬಿಡಲು ತೂಬು ಎಂಬ ಕಲ್ಲಿನ ಬಾಯಿ ಇಟ್ಟು, ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹರಿದುಹೋಗುವಂತೆ ಒಂದು ಪಕ್ಕಕ್ಕೆ ಕೋಡಿ ಕಟ್ಟಿ, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವಂತೆ ಸರಪಳಿ ಹೂಡಿದ ಈ ವ್ಯವಸ್ಥೆಯಲ್ಲಿ, ತೂಬು ಎತ್ತಿ ಇಳಿಸಿ ಅಚ್ಚುಕಟ್ಟಿನ, ಅಂದರೆ ಕೆರೆಯ ನೀರು ಹರಿಯುವ ಜಮೀನಿನ, ರೈತರಿಗೆ ಸರದಿಯ ಮೇಲೆ ನೀರು ಹಂಚುವವನೇ ನೀರಗಂಟಿ. ನೀರಿನ ಅಳತೆ, ಮಿತಿ, ಸರದಿ ಎಂಬ ಕಲ್ಪನೆಗಳು ಈ ಸೀಮೆಯ ಮಕ್ಕಳಿಗೆ ಶಾಲೆಗೆ ಹೋಗುವ ಮೊದಲೇ ತಿಳಿದಿರುತ್ತಿದ್ದವು.

ಮನೆ ಬಿಟ್ಟು ಹೋಗಿ ಕಟ್ಟಿದವರನ್ನು ಈ ಸೀಮೆಯ ಜನ ನೆನೆಯುವ ಬಗೆಗೆ ಮುಳಬಾಗಿಲಿಗೆ ಸಮೀಪದ ಕುರುಡುಮಲೆಯಲ್ಲಿ ಒಂದು ಸಾಕ್ಷ್ಯ ದೊರೆಯುತ್ತದೆ. ಏಕಶಿಲೆಯಲ್ಲಿ ಕಡೆದ, ಸುಮಾರು 13 ಅಡಿ ಎತ್ತರದ ಗಣಪತಿಯ ದರ್ಶನಕ್ಕೆ ಬರುವವರಲ್ಲಿ ಹಲವರು ಅಲ್ಲಿಯೇ ಇರುವ ಸೋಮೇಶ್ವರ ದೇವಾಲಯವನ್ನು ನೋಡದೆ ಹಿಂದಿರುಗುತ್ತಾರೆ. ನೋಡಿದವರಿಗೆ ಊರಿನ ಜನ, ಆ ಗುಡಿಯ ಒಂದು ಭಾಗ ದಂತಕಥೆಯ ಶಿಲ್ಪಿ ಜಕಣಾಚಾರಿಯದು, ಮತ್ತೊಂದು ಭಾಗ ಅವನ ಮಗ ಡಂಕಣನದು ಎಂದು ಕಲ್ಲಿನ ಕೆತ್ತನೆಯ ವ್ಯತ್ಯಾಸವನ್ನು ಬೊಟ್ಟು ಮಾಡಿ ತೋರಿಸುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಈ ಮಾತು ನಿಲ್ಲುವುದಿಲ್ಲ. ಕುರುಡುಮಲೆಯ ಗುಡಿ ಚೋಳರ ಕಾಲದ್ದೆಂದು ಹೇಳಲಾಗುತ್ತದೆ, ಜಕಣನ ಕಥೆ ಹೊಯ್ಸಳರ ಬೇಲೂರಿಗೆ ಅಂಟಿಕೊಂಡಿದೆ. ಹೊಯ್ಸಳ ಶಿಲ್ಪಗಳ ಕೆಳಗೆ ದಾಸೋಜ, ಚಾವಣ, ಮಲ್ಲಿತಮ್ಮ ಮೊದಲಾದ ಶಿಲ್ಪಿಗಳ ಹೆಸರು ಕೆತ್ತಿರುವುದನ್ನು ಓದಬಹುದಾದರೂ ಜಕಣನ ಹೆಸರು ಅಲ್ಲಿಲ್ಲ. ಆದರೂ ಆ ಕಥೆ ಉಳಿದು ಬಂದಿರುವ ರೀತಿ ಗಮನಾರ್ಹ. ಮನೆಯನ್ನು ಬಿಟ್ಟು ನಾಡುನಾಡು ತಿರುಗಿ ಗುಡಿ ಕಟ್ಟಿದ ತಂದೆ, ಅವನ ಮುಖವನ್ನೇ ನೋಡದೆ ಬೆಳೆದು ಅವನನ್ನು ಹುಡುಕಿಕೊಂಡು ಹೊರಟ ಮಗ, ತಂದೆ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಆ ಮಗ ತೋರಿಸಿಕೊಟ್ಟ ಗಳಿಗೆ, ಕೊನೆಗೆ ತುಮಕೂರಿನ ಬಳಿಯ ಕೈದಾಳಕ್ಕೆ ಹಿಂದಿರುಗಿದ್ದು: ಜನರ ನೆನಪು ಜಕಣನ ಕಟ್ಟಡಗಳ ಲೆಕ್ಕವನ್ನು ಗೊಂದಲ ಮಾಡಿಕೊಂಡಿದೆ, ಆದರೆ ಅವನ ಸಂಸಾರವನ್ನು ಒಂದಿಷ್ಟೂ ಮರೆತಿಲ್ಲ. ವಿಶ್ವೇಶ್ವರಯ್ಯನವರ ವಿಷಯದಲ್ಲಿ ನಡೆದಿರುವುದು ಇದಕ್ಕೆ ತೀರ ವಿರುದ್ಧ. ಅವರ ಕಟ್ಟಡಗಳ ಅಡಿ, ಅಂಗುಲ, ರೂಪಾಯಿಗಳ ಲೆಕ್ಕ ದಾಖಲೆಗಳಲ್ಲಿ ಭದ್ರವಾಗಿದೆ. ಮನೆ ಮಾತ್ರ ಮಸುಕಾಗಿದೆ.

ಆ ಕುಟುಂಬವೇ ಮೂಲತಃ ವಲಸೆ ಬಂದದ್ದು. ಅವರ ಹೆಸರಿಗೆ ಮುಂದಿರುವ ಮೋಕ್ಷಗುಂಡಂ ಇಂದಿನ ಆಂಧ್ರಪ್ರದೇಶದ ಗಿದ್ದಲೂರು ಕಡೆಯ ಒಂದು ಹಳ್ಳಿ. ಅಲ್ಲಿಂದ ಬಂದ ತೆಲುಗು ಮನೆಮಾತಿನ ಪೂರ್ವಿಕರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ನೆಲೆ ನಿಂತರು. ಕನ್ನಡ ಮತ್ತು ತೆಲುಗು ಒಂದೇ ಜಗಲಿಯ ಮೇಲೆ ಕೂತು ಮಾತಾಡುವ ಈ ಗಡಿಸೀಮೆಯಲ್ಲಿ ಇಂಥ ಮನೆಗಳು ಇಂದಿಗೂ ಊರಿಗೆ ಹತ್ತಾರು ಇವೆ. 1861ರ ಸೆಪ್ಟೆಂಬರ್ 15ರಂದು ಜನಿಸಿದ ವಿಶ್ವೇಶ್ವರಯ್ಯನವರ ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ಹಣವುಳ್ಳವರಲ್ಲ. ಮಗ ಇನ್ನೂ ಎಳೆಯವನಿರುವಾಗಲೇ ಅವರು ತೀರಿಕೊಂಡದ್ದರಿಂದ ಮನೆಯ ಭಾರವೆಲ್ಲ ತಾಯಿಯ ಮೇಲೆ ಬಿತ್ತು, ಓದಿನ ಭಾರ ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಮೇಲೆ ಬಿತ್ತು.

ಸೋದರಮಾವನ ಮನೆ ಎಂಬುದು ಹಳೆಯ ಮೈಸೂರು ಸೀಮೆಯ ಶಿಕ್ಷಣದ ಇತಿಹಾಸದಲ್ಲಿ ಒಂದು ದೊಡ್ಡ ಸಂಸ್ಥೆ. ಹಾಸ್ಟೆಲುಗಳಿಲ್ಲದ ಕಾಲದಲ್ಲಿ ಹಳ್ಳಿಯ ಹುಡುಗರು ಪಟ್ಟಣದಲ್ಲಿ ಓದಬೇಕಾದರೆ ತಾಯಿಯ ಅಣ್ಣನೋ ತಮ್ಮನೋ ಒಂದು ಮೂಲೆ ಬಿಟ್ಟುಕೊಡಬೇಕಿತ್ತು, ಅಕ್ಕನ ಮಗನೆಂದು ಅತ್ತೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಬೇಕಿತ್ತು. ಆ ಆಶ್ರಯದ ಜೊತೆಗೆ, ಬೆಂಗಳೂರಿನಲ್ಲಿದ್ದ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚಿಗೆ ದಾರಿ ಮಾಡಿಕೊಂಡ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಇಂಜಿನಿಯರಿಂಗ್ ಓದಲು ಹೋದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಅವರು ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನಾಸಿಕ್‌ಗೆ ನೇಮಕಗೊಂಡರು. ತಾಯಿ, ಸೋದರಮಾವ ಮತ್ತು ಸರ್ಕಾರದ ಬೊಕ್ಕಸ, ಈ ಮೂರರ ಋಣ ಒಬ್ಬನೇ ಹುಡುಗನ ಮೇಲಿತ್ತು. ಅವರ ಮುಂದಿನ ನಡವಳಿಕೆಯನ್ನು ಅರ್ಥಮಾಡಿಕೊಳ್ಳಲು ಈ ಋಣದ ಪ್ರಜ್ಞೆಗಿಂತ ಉತ್ತಮ ಕೀಲಿ ಬೇರೆ ಇಲ್ಲ.

ಮುಂಬಯಿ ಪ್ರಾಂತದ ಸೇವೆಯಲ್ಲಿ ಅವರು ಮಾಡಿದ ಕೆಲಸಗಳ ಪೈಕಿ ಎರಡನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮೊದಲನೆಯದು, ಇಂದು ಪಾಕಿಸ್ತಾನದಲ್ಲಿರುವ ಸಕ್ಕರ್ ಪಟ್ಟಣದ ಕುಡಿಯುವ ನೀರಿನ ಯೋಜನೆ. ಸಿಂಧೂ ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಅದರ ನೀರು ರಾಡಿ. ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಅದರಿಂದ ಹೊಳೆಯ ತಳದ ಅಡಿಗೆ ಸುರಂಗ ಕೊರೆಸಿ, ಮರಳಿನ ಪದರದ ಮೂಲಕ ಜಿನುಗಿ ತಿಳಿಯಾದ ನೀರನ್ನು ಎತ್ತಿ ಗುಡ್ಡದ ಮೇಲಿನ ತೊಟ್ಟಿಗೆ ಹಾಯಿಸಿದರು. ಬೇಸಗೆಯಲ್ಲಿ ಪಾಲಾರ್ ಬತ್ತಿದಾಗ ಮರಳಿನಲ್ಲಿ ಚಿಲುಮೆ ತೋಡಿ, ಗುಂಡಿಯ ಪಕ್ಕದಿಂದ ಒಸರುವ ತಿಳಿನೀರನ್ನು ಚಿಪ್ಪಿನಿಂದ ಕೊಡಕ್ಕೆ ತುಂಬುತ್ತಿದ್ದ ಕೋಲಾರ ಸೀಮೆಯ ಹೆಂಗಸರಿಗೆ ಈ ಉಪಾಯದ ತತ್ವವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಎರಡನೆಯದು, ಪುಣೆಯ ಬಳಿ ಖಡಕವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು. ಕೋಡಿಯ ಮಟ್ಟಕ್ಕಿಂತ ಮೇಲೆ ನಿಲ್ಲುವ ನೀರೆಲ್ಲ ಹರಿದು ಹೋಗಿಬಿಡುತ್ತದೆ ಎಂಬುದು ಕೆರೆಯನ್ನು ಬಲ್ಲ ಯಾರಿಗೂ ಗೊತ್ತಿರುವ ನಷ್ಟ. ಕೋಡಿಯನ್ನು ಎತ್ತರಿಸಿದರೆ ಪ್ರವಾಹದಲ್ಲಿ ಅಣೆಗೇ ಅಪಾಯ. ಅವರು ಕೋಡಿಯ ಮೇಲೆ ಜೋಡಿಸಿದ ಬಾಗಿಲುಗಳು ಸಾಮಾನ್ಯ ಕಾಲದಲ್ಲಿ ಸುಮಾರು 8 ಅಡಿ ಹೆಚ್ಚು ನೀರನ್ನು ತಡೆದು ನಿಲ್ಲಿಸುತ್ತಿದ್ದವು, ನೆರೆ ಏರಿದಾಗ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತಿದ್ದವು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು. 1903ರಲ್ಲಿ ಬಳಕೆಗೆ ಬಂದ ಈ ಸಾಧನಕ್ಕೆ ಹಕ್ಕುಪತ್ರ, ಅಂದರೆ ಪೇಟೆಂಟ್, ಅವರ ಹೆಸರಿನಲ್ಲಿತ್ತು. ಇಲಾಖೆಯ ಕೆಲಸದಲ್ಲಿದ್ದಾಗ ಯೋಚಿಸಿದ್ದೆಂಬ ಕಾರಣಕ್ಕೆ ಅದರ ಗೌರವಧನವನ್ನು ಅವರು ತೆಗೆದುಕೊಳ್ಳಲಿಲ್ಲ. ಇದೇ ತತ್ವದ ಬಾಗಿಲುಗಳು ಮುಂದೆ ಗ್ವಾಲಿಯರಿನ ತಿಗ್ರಾದಲ್ಲೂ ಕೃಷ್ಣರಾಜಸಾಗರದಲ್ಲೂ ಬಂದವು.

ಪ್ರವಾಸ ಅವರಿಗೆ ವಿಹಾರವಾಗಿರಲಿಲ್ಲ. 1898ರಲ್ಲಿ ಜಪಾನಿಗೆ ಹೋದಾಗ ಅವರು ನೋಡಿದ್ದು ಶಾಲೆಗಳನ್ನು ಮತ್ತು ಕಾರ್ಖಾನೆಗಳನ್ನು. ಒಂದು ತಲೆಮಾರಿನೊಳಗೆ ಒಂದು ದೇಶ ತನ್ನನ್ನು ತಾನು ಬದಲಿಸಿಕೊಳ್ಳಬಲ್ಲದು ಎಂಬ ನಂಬಿಕೆ ಅಲ್ಲಿಂದ ಅವರ ಜೊತೆಗೆ ಬಂತು, 1920ರಲ್ಲಿ ಪ್ರಕಟವಾದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಎಂಬ ಪುಸ್ತಕದಲ್ಲಿ ವಾದವಾಗಿ ನಿಂತಿತು. 1906ರಲ್ಲಿ ಏಡನ್ ಬಂದರಿನ ನೀರು ಮತ್ತು ಒಳಚರಂಡಿಯ ಸಮಸ್ಯೆಯನ್ನು ಪರಿಶೀಲಿಸಲು ಹೋದರು. 1908ರಲ್ಲಿ ಮುಂಬಯಿ ಸೇವೆಯಿಂದ ಬಿಡುಗಡೆ ಬಯಸಿ ಯುರೋಪು ಸುತ್ತುತ್ತಿದ್ದಾಗಲೇ, ಆ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಹಾಕಿದ ದುರಂತದ ಹಿನ್ನೆಲೆಯಲ್ಲಿ ನಿಜಾಮ ಸರ್ಕಾರದ ಕರೆ ಬಂತು. 1909ರಲ್ಲಿ ಅಲ್ಲಿಗೆ ಹೋಗಿ ಅವರು ಸೂಚಿಸಿದ ಎರಡು ಜಲಾಶಯಗಳೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಅದೇ ವರ್ಷದ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಅವರು ತವರಿಗೆ ಮರಳಿದರು. ಮಧ್ಯೆ ಕಾಲು ಶತಮಾನ ಕಳೆದಿತ್ತು.

ಮರಳಿದ ಮೇಲೆ ಹುಟ್ಟಿದ ಜಿಲ್ಲೆಯೊಡನೆ ಅವರ ನಂಟು ಅನಿರೀಕ್ಷಿತ ರೀತಿಯಲ್ಲಿ ಗಟ್ಟಿಯಾಯಿತು. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದು, ಸುಮಾರು 92 ಮೈಲಿ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಗಿತ್ತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಆದರೆ ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಯಂತ್ರಗಳೂ ಸೊರಗುತ್ತಿದ್ದವು, ಗಣಿ ಕಂಪನಿಗಳಿಗೆ ಇನ್ನೂ ಹೆಚ್ಚು ವಿದ್ಯುತ್ತು ಬೇಕಾಗಿತ್ತು. ಕನ್ನಂಬಾಡಿಯಲ್ಲಿ, ಅಂದರೆ ಇಂದಿನ ಕೃಷ್ಣರಾಜಸಾಗರದಲ್ಲಿ, ನೀರು ಕೂಡಿಡಬೇಕು ಎಂಬ ಯೋಜನೆಗೆ ಮಂಡ್ಯದ ಗದ್ದೆಗಳು ಒಂದು ಕಾರಣವಾದರೆ, ಕೋಲಾರದ ಗಣಿಗಳಿಗೆ ವರ್ಷವಿಡೀ ವಿದ್ಯುತ್ತು ಕೊಟ್ಟು ಅದರಿಂದ ಬರುವ ಹಣದಲ್ಲಿ ಅಣೆಯ ವೆಚ್ಚವನ್ನು ತೀರಿಸುವ ಲೆಕ್ಕಾಚಾರ ಇನ್ನೊಂದು. 253 ಲಕ್ಷ ರೂಪಾಯಿಯ ಒಟ್ಟು ಅಂದಾಜಿಗೆ ಹಣಕಾಸಿನವರು ಹಿಂಜರಿದಾಗ 81 ಲಕ್ಷದ ಮೊದಲ ಹಂತಕ್ಕೆ 1911ರ ಅಕ್ಟೋಬರಿನಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ದೊರೆಯಿತು. ಸಿಮೆಂಟಿಗೆ ಬದಲಾಗಿ ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಆ ಅಣೆ ಎದ್ದಿತು. ಕೃಷ್ಣರಾಜಸಾಗರವನ್ನು ಕುರಿತು ಬರೆಯುವಾಗ ಕೋಲಾರದ ಹೆಸರು ಅಷ್ಟಾಗಿ ಬರುವುದಿಲ್ಲ, ಬರಬೇಕು. ಒಂದು ಹನಿ ಕಾವೇರಿ ನೀರೂ ಸಿಗದ ಜಿಲ್ಲೆ, ಕಾವೇರಿಯ ಆ ದೊಡ್ಡ ಅಣೆಗೆ ಹಣದ ಬಲ ಒದಗಿಸಿತು.

1912ರ ನವೆಂಬರಿನಲ್ಲಿ ದಿವಾನ ಪದವಿ ಬಂತು. ಅದನ್ನು ಒಪ್ಪುವ ಮೊದಲು ಅವರು ತಾಯಿಯನ್ನೂ ಬಂಧುಗಳನ್ನೂ ಕೂಡಿಸಿ, ಯಾರೂ ನೌಕರಿಗಾಗಲಿ ಬಡ್ತಿಗಾಗಲಿ ತಮ್ಮ ಬಳಿ ಬರಬಾರದು, ಯಾರ ಪರವಾಗಿಯೂ ಮಾತೆತ್ತಬಾರದು ಎಂದು ಮಾತು ತೆಗೆದುಕೊಂಡರೆಂಬ ಸಂಗತಿ ಹಳೆಯ ಮೈಸೂರಿನಲ್ಲಿ ಮನೆಮಾತಾಗಿದೆ. ಇದನ್ನು ಸಾಮಾನ್ಯವಾಗಿ ಕಠೋರತೆಯ ನಿದರ್ಶನವೆಂದು ಹೇಳುತ್ತಾರೆ. ಆದರೆ ಮನೆಯವರ ಬಗ್ಗೆ ಉದಾಸೀನನಾದವನಿಗೆ ಹೀಗೆ ಅವರನ್ನು ಕೂಡಿಸಿ ಕೇಳುವ ಅಗತ್ಯವೇ ಇರುವುದಿಲ್ಲ. ತಾಯಿಯ ಮಾತನ್ನು ಮೀರಲಾರೆನೆಂದು ಬಲ್ಲ ಮಗ ಮಾತ್ರ ಆ ಮಾತು ಬರುವ ಮೊದಲೇ ತಡೆಯುತ್ತಾನೆ. ಕಷ್ಟದಲ್ಲಿದ್ದ ಬಂಧುಗಳಿಗೆ ಸರ್ಕಾರದ ಹುದ್ದೆಯ ಬದಲು ತಮ್ಮ ಜೇಬಿನಿಂದ ತಿಂಗಳು ತಿಂಗಳು ಹಣ ಕೊಡುತ್ತಿದ್ದರೆಂದು ಹೇಳುವ ಮಾತೂ ಇದಕ್ಕೆ ಹೊಂದಿಕೊಳ್ಳುತ್ತದೆ.

ಇದೇ ನಿಷ್ಠುರ ನಿಲುವಿನ ಮಿತಿಯೂ ಇಲ್ಲಿಯೇ ಕಾಣುತ್ತದೆ, ಅದನ್ನು ಮುಚ್ಚಿಡುವುದು ಅವರಿಗೆ ಗೌರವ ತರುವುದಿಲ್ಲ. 1918ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಸಾಕಷ್ಟು ಪಾಲು ದೊರಕಿಸುವ ಬಗೆಯನ್ನು ಪರಿಶೀಲಿಸಲು ಮಹಾರಾಜರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದಾಗ, ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಆ ನೀತಿ ಒಪ್ಪಿಗೆಯಾಗಲಿಲ್ಲ, ಆ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟರು. ಆದರೆ ಅವರ ಯೋಗ್ಯತೆ ಬೆಳಕಿಗೆ ಬಂದದ್ದು ಬೆಂಗಳೂರಿನಲ್ಲಿ ಒಬ್ಬ ಸೋದರಮಾವ ಇದ್ದುದರಿಂದ, ಅಕ್ಷರ ಮನೆಯಲ್ಲೇ ಇದ್ದುದರಿಂದ. ಅದೇ ಮುದ್ದೇನಹಳ್ಳಿಯಲ್ಲಿ, ಅದೇ ಕುರುಡುಮಲೆಯಲ್ಲಿ, ಅಷ್ಟೇ ಚುರುಕಾಗಿದ್ದ ನೀರಗಂಟಿಯ ಮಗನಿಗೆ, ಕಲ್ಲುಕುಟಿಗನ ಮಗನಿಗೆ ಪಟ್ಟಣದಲ್ಲಿ ಅಂಥ ಮಾವನ ಮನೆಗಳಿರಲಿಲ್ಲ. ಮಿಲ್ಲರ್ ಸಮಿತಿ ತುಂಬಲು ಯತ್ನಿಸಿದ್ದು ಆ ಕೊರತೆಯನ್ನು. ಈ ಒಂದು ವಿಷಯದಲ್ಲಿ ಮಹಾರಾಜರ ದೃಷ್ಟಿ ದಿವಾನರ ದೃಷ್ಟಿಗಿಂತ ದೂರ ಹರಿದಿತ್ತು ಎಂದೇ ಹೇಳಬೇಕು.

ದಿವಾನಗಿರಿಯ ಆ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳು ಹುಟ್ಟಿದ ಕಥೆ ಎಲ್ಲರಿಗೂ ತಿಳಿದದ್ದೇ. ಆ ಕಾಲದ ನೆನಪನ್ನು ಕಾಪಾಡಿದವರಲ್ಲಿ ಕೋಲಾರ ಜಿಲ್ಲೆಯವರ ಪಾಲು ದೊಡ್ಡದು ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಕರ್ತರಾಗಿ ದಿವಾನರನ್ನು ಹತ್ತಿರದಿಂದ ಕಂಡು, ‘ಜ್ಞಾಪಕ ಚಿತ್ರಶಾಲೆ’ಯ ‘ಮೈಸೂರಿನ ದಿವಾನರು’ ಸಂಪುಟದಲ್ಲಿ ಅವರ ಚಿತ್ರವನ್ನು ಬರೆದರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಿವಿಲ್ ಸರ್ವಿಸ್ ಸೇರಿದ್ದು ಅದೇ ದಿವಾನಗಿರಿಯ ಕಾಲದಲ್ಲಿ. ಕಡತಗಳು ಹೇಳದೆ ಬಿಟ್ಟ ಮಾತು, ನಡೆ, ಉಡುಗೆ, ಸಂಕೋಚ, ಸಿಟ್ಟು, ಔದಾರ್ಯಗಳನ್ನು ಉಳಿಸಿಕೊಟ್ಟದ್ದು ಇಂಥ ಬರಹಗಾರರೇ.

ದಿವಾನಗಿರಿಯ ನಂತರ 1919ರಲ್ಲಿ ಅವರು ಮತ್ತೆ ಜಪಾನು, ಅಮೆರಿಕ, ಯುರೋಪುಗಳ ದಾರಿ ಹಿಡಿದರು. 1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ನಷ್ಟದಲ್ಲಿದ್ದ ಅದನ್ನು ಮೇಲೆತ್ತಿದರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಾಂತ್ರಿಕ ಶಿಕ್ಷಣಕ್ಕೆ ಬಿಟ್ಟುಕೊಟ್ಟದ್ದರಿಂದ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ತಮ್ಮ ಹೆಸರನ್ನಿಡದೆ ಮಹಾರಾಜರ ಹೆಸರನ್ನಿಟ್ಟ ಆ ಶಾಲೆಯಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕೆಲಸ ಕಲಿತವರ ಮನೆಗಳು ರಾಜ್ಯದ ತುಂಬ ಇವೆ. ತಮ್ಮ ಬಾಲ್ಯದಲ್ಲಿ ಸೋದರಮಾವನ ಮನೆ ಕೊಟ್ಟದ್ದನ್ನು ಹಿಂದಿರುಗಿಸಲು ಅವರು ಆರಿಸಿಕೊಂಡ ರೀತಿ ಇದು ಎನ್ನುವುದು ಊಹೆಯಲ್ಲ, ಅವರ ಇಡೀ ಬದುಕಿನ ದಿಕ್ಕು. 1946ರಲ್ಲಿ, ಎಂಬತ್ತು ದಾಟಿದ ಮೇಲೆ, ಭಾರತದ ಉದ್ಯಮಿಗಳ ತಂಡದ ನಾಯಕರಾಗಿ ಮತ್ತೊಮ್ಮೆ ಅಮೆರಿಕಕ್ಕೆ ಹೋದರು. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಸ್ಥಳಕ್ಕೇ ಹೋಗಿ ನೋಡಿ ಅಭಿಪ್ರಾಯ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು. ಸಮಾಧಿ ಹುಟ್ಟೂರಿನಲ್ಲೇ ಆಯಿತು.

ಮುದ್ದೇನಹಳ್ಳಿಯ ಅವರ ಮನೆ ಇಂದು ವಸ್ತುಸಂಗ್ರಹಾಲಯ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ್ದರಿಂದ ಆ ಊರು ಈಗ ಕೋಲಾರಕ್ಕೆ ಸೇರಿಲ್ಲ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಹರಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ಚರ್ಚೆಯೂ ನಡೆದಿದೆ. ವಿಶ್ವೇಶ್ವರಯ್ಯನವರ ನಂತರದ ದಶಕಗಳಲ್ಲಿ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳ ಹಳ್ಳಿಗಳಿಂದ ಹೊರಟು ರೈಲ್ವೆ, ನೀರಾವರಿ, ವಿದ್ಯುತ್ ಮಂಡಳಿ, ಕೊಲ್ಲಿ ದೇಶಗಳ ಕಟ್ಟಡ ಕಂಪನಿಗಳಲ್ಲಿ ದುಡಿದು ನಿವೃತ್ತರಾದ ಇಂಜಿನಿಯರುಗಳು ಅನೇಕರು. ಅವರ ಟ್ರಂಕುಗಳಲ್ಲಿ ವರ್ಗಾವಣೆಯ ಆದೇಶಗಳು, ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳು, ಅಳತೆ ಪುಸ್ತಕಗಳು, ಹೆಂಡತಿ ಬರೆದಿಟ್ಟ ಖರ್ಚಿನ ಲೆಕ್ಕದ ನೋಟುಬುಕ್ಕುಗಳು ಗೆದ್ದಲು ಹಿಡಿಯುತ್ತಿವೆ. ಅಂಥ ಮನೆಗಳಲ್ಲಿ ಓದುಬರಹ ಬಲ್ಲ ಮಕ್ಕಳು, ಮೊಮ್ಮಕ್ಕಳು ಈ ಕಾಗದಗಳನ್ನು ಹಳೆಯ ಪೇಪರಿನವರಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆರೆದು ನೋಡಬೇಕು, ಮನೆಯ ಹಿರಿಯ ಹೆಂಗಸರನ್ನು ಕೂಡಿಸಿಕೊಂಡು ಅವರು ಹೇಳುವುದನ್ನು ಬರೆದಿಡಬೇಕು.